ಅಳಿಯಂದಿರ ಮುಪ್ಪಿನ ಗಂಟು

ಪ್ರತಿದಿನ ಬೆಳಗಿನಲ್ಲಿ ಉಸಿರನ್ನು ಹೊಸದಾಗಿ ಕೊಟ್ಟು ಎಬ್ಬಿಸುವ ಶ್ರೀಹರಿಗೆ ಮೊದಲ ನಮಸ್ಕಾರ. ಅಮೃತಕಲಶವನ್ನು ಕೈಯಲ್ಲಿ ಹಿಡಿದ ಧನ್ವಂತರಿಗೆ, ಮಡಿಲಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದ ನನ್ನ ತಂದೆಗೆ, ಜನ್ಮಭೂಮಿಯಲ್ಲದಿದ್ದರೂ ನನ್ನ ಆಯುಸ್ಸಿನ ಉಳಿದ ಭಾಗವನ್ನು ತನ್ನ ಮೇಲೆ ಹೊತ್ತುಕೊಂಡ ಈ ಆಸ್ಟ್ರೇಲಿಯಾದ ನೆಲಕ್ಕೆ ನಮಸ್ಕಾರ. ಕೃತಜ್ಞತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯಬೇಕಾದುದು ಹೆಚ್ಚಾಗಿ ಭಯದ ಮಾತು. ಭಯದ ನಡುವೆ ಕೃತಜ್ಞತೆಯನ್ನು ಹೇಳಲು ನಾಲಗೆ ಏಳುವುದಿಲ್ಲ.

ನಾನು ಮೈಸೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಉಪಾಧ್ಯಾಯಿನಿಯಾಗಿದ್ದೆ. ಯಜಮಾನರು ಬೇಗನೆ ತೀರಿಕೊಂಡರು. ಒಬ್ಬಳೇ ಮಗಳು ವಸುಧೆಯನ್ನು ನನ್ನ ಸಂಬಳದಿಂದಲೇ ಓದಿಸಿ ಮದುವೆ ಮಾಡಿದೆ. ನಿವೃತ್ತಳಾದಾಗ ಪಿಂಚಣಿ ಇತ್ತು, ಪ್ರಾವಿಡೆಂಟ್ ಫಂಡಿನ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು. ಯಾರ ಮುಂದೆಯೂ ಕೈಚಾಚದೆ ದೇಹ ಬಿಡಬೇಕೆಂಬುದು ನನಗುಳಿದಿದ್ದ ಒಂದೇ ಲೌಕಿಕ ಆಸೆ. ಅದಕ್ಕೆ ಬೇಕಾದುದನ್ನೆಲ್ಲ ಕೂಡಿಟ್ಟಿದ್ದೇನೆ ಎಂದು ನಂಬಿದ್ದೆ.

ವಸುಧೆ ಮತ್ತು ಅಳಿಯಂದಿರಾದ ಪ್ರಕಾಶ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿದ್ದರು. ಅಳಿಯಂದಿರು ಸರ್ಕಾರದ ಇಲಾಖೆಯೊಂದರಲ್ಲಿ ಸೇತುವೆಗಳ ಎಂಜಿನಿಯರ್. ಮದುವೆಯಾಗಿ ಬಹುಕಾಲದ ಮೇಲೆ ವಸುಧೆ ಗರ್ಭಿಣಿಯಾದಳು. ತೊಂಬತ್ತರ ದಶಕದ ನಡುವಿನ ವರ್ಷಗಳವು. ಬಾಣಂತನಕ್ಕೆಂದು ನಾನು ಮೊದಲ ಬಾರಿಗೆ ಸಮುದ್ರ ದಾಟಿದೆ.

ಇಲ್ಲೊಂದು ಪದ್ಧತಿಯ ಮಾತನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ನೇರವಾಗಿ ಮಾತನಾಡುವುದಿಲ್ಲ. ಅದು ಮುನಿಸಲ್ಲ, ಮರ್ಯಾದೆ. ನನ್ನ ತಾಯಿ ನನ್ನ ಯಜಮಾನರೊಡನೆ ಬದುಕಿದ್ದಷ್ಟು ಕಾಲವೂ ಅಡುಗೆಮನೆಯ ಬಾಗಿಲ ಹಿಂದಿನಿಂದ, ಅದೂ ನನ್ನ ಮೂಲಕ ಮಾತನಾಡಿದರು. ಗಿರಾವೀನಿನ ಮನೆಯಲ್ಲಿ ಅಡುಗೆಮನೆಗೂ ಹಜಾರಕ್ಕೂ ನಡುವೆ ಬಾಗಿಲೇ ಇರಲಿಲ್ಲ. ಹಾಗಾಗಿ ನಾನು ಒಲೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

"ವಸುಧಾ, ಅವರಿಗೆ ಇನ್ನೊಂದು ಸೌಟು ಸಾರು ಬೇಕೇನೋ ಕೇಳಮ್ಮ" ಎಂದು ನಾನು ಒಲೆಗೆ ಹೇಳುವುದು.

"ವಸು, ಸಾಕು ಅಂತ ಹೇಳು. ಸಾರು ತುಂಬಾ ಚೆನ್ನಾಗಿದೆ ಅಂತಾನೂ ಹೇಳು" ಎಂದು ಅವರು ತಟ್ಟೆಗೆ ಹೇಳುವುದು.

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಮೂರು ಅಡಿ ದೂರ ಇದೀರ. ಇಬ್ರೂ ಲೋಕಲ್ ಕಾಲ್ ಮಾಡ್ಕೊಳ್ಳಿ!" ಎಂದು ವಸುಧೆ ನಗುವುದು. ಬೆಂಗಳೂರಿನಲ್ಲಿ ಬೆಳೆದ ಅಳಿಯಂದಿರಿಗೆ ಈ ಪದ್ಧತಿಯ ಅಗತ್ಯವಿರಲಿಲ್ಲ. ನನ್ನ ಮನಸ್ಸಿಗೆ ನೋವಾಗಬಾರದೆಂದು ಅವರೂ ಪಾಲಿಸುತ್ತಿದ್ದರು.

ಮಗು ಹುಟ್ಟಿತು, ಹೆಣ್ಣು. ಬಾಣಂತನ ಉದ್ದವಾಯಿತು, ನನ್ನ ವೀಸಾವನ್ನೂ ಮುಂದುವರಿಸಿದರು. ಬೆಂಗಳೂರಿನಿಂದ ಹೊರಡುವ ಮುನ್ನ ಕೊಂಡಿದ್ದ ಆರೋಗ್ಯವಿಮೆಯ ಅವಧಿ ಮಾತ್ರ ಮುಗಿದುಹೋಯಿತು. ಪರದೇಶದಲ್ಲಿದ್ದವರಿಗೆ ಅದನ್ನು ಮುಂದುವರಿಸಲು ಬರುವುದಿಲ್ಲವೆಂದು ಅಲ್ಲಿಯವರು ಹೇಳಿದರು. ರಕ್ತದೊತ್ತಡದ ಮಾತ್ರೆ ನುಂಗುವ ಈ ವಯಸ್ಸಿನವಳನ್ನು ಸೇರಿಸಿಕೊಳ್ಳಲಾರೆವೆಂದು ಇಲ್ಲಿಯವರು ಹೇಳಿದರು. ಇದನ್ನು ನನಗೆ ಬಿಡಿಸಿ ತಿಳಿಸಿದವರು ರಂಗನಾಥರು. ವಾರವಿಡೀ ಹತ್ತಿರದ ಪ್ಯಾರಮಟ್ಟಾದ ಕಚೇರಿಯಲ್ಲಿ ಲೆಕ್ಕಪತ್ರ ನೋಡಿ, ಭಾನುವಾರ ಕನ್ನಡಿಗರ ಮನೆಮನೆಗೆ ಹೋಗಿ ವಿಮೆ, ಉಳಿತಾಯ, ನಿವೃತ್ತಿ ಎಂದು ಬುದ್ಧಿ ಹೇಳುತ್ತಿದ್ದ ಹಿರಿಯರು.

"ಅಮ್ಮಾ, ಈ ದೇಶದಲ್ಲಿ ವಿಮೆ ಇಲ್ದೇ ಕೆಮ್ಮಲೂಬಾರ್ದು. ಮಗು ಕತ್ತು ನಿಂತ ತಕ್ಷಣ ಟಿಕೆಟ್ ಬುಕ್ ಮಾಡಿಸ್ಕೊಂಡು ಮೈಸೂರು ಸೇರಿಬಿಡಿ" ಎಂದರು.

"ಬಿಡ್ತು ಅನ್ನಿ ಅಂಕಲ್! ಬಾಣಂತಿ ಮನೇಲಿ ಕಾಯಿಲೆ ಮಾತ್ಯಾಕೆ?" ಎಂದಳು ವಸುಧೆ.

"ಬಿಡ್ತು, ಬಿಡ್ತು" ಎನ್ನುತ್ತ ಅವರು ಇನ್ನೊಂದು ಕೋಡುಬಳೆ ತೆಗೆದುಕೊಂಡರು. ನಾವೆಲ್ಲ ನಕ್ಕೆವು.

ಮಗುವಿಗೆ ಎಣ್ಣೆನೀರು ಹಾಕುತ್ತಿದ್ದಾಗ ಅದು ಮೊದಲು ಬಂದಿತು. ನಮ್ಮ ಕ್ರಮದಂತೆ ಕಾಲು ನೀಡಿ ಕುಳಿತು, ಕೂಸನ್ನು ಮೊಳಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡಿದ್ದೆ. ಪಕ್ಕದ ಬಕೆಟ್ಟಿನಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ಎದೆಯ ನಟ್ಟನಡುವೆ ಯಾರೋ ಒರಳುಕಲ್ಲನ್ನು ಇಳಿಸಿದಂತಾಯಿತು. ಎಡಗೈ ಸತ್ತಂತೆ ಜೋತುಬಿತ್ತು. ಎಣ್ಣೆ ಮೆತ್ತಿದ ಮೈ, ಕೂಸು ಜಾರುತ್ತಿತ್ತು. ಸಾಯುತ್ತೇನೆಂಬ ಭಯ ನನಗಾಗಲಿಲ್ಲ. ಮಗು ಬಿಸಿನೀರಿಗೆ ಬೀಳುತ್ತದೆಂಬ ಭಯ ಒಂದೇ ಇದ್ದದ್ದು. ಎರಡು ಕಾಲನ್ನೂ ಬಿಗಿಯಾಗಿ ಒತ್ತಿ, ಬಲಗೈಯಿಂದ ಅದರ ಸೊಂಟವನ್ನು ಹಿಡಿದು, "ವಸುಧಾ" ಎಂದು ಕೂಗಿದೆ. ಕೂಗು ಗಂಟಲು ದಾಟಲಿಲ್ಲ. ಮಗು ಅತ್ತದ್ದರಿಂದ ವಸುಧೆ ಬಂದಳು. ಇವತ್ತಿಗೂ ಆ ಬಚ್ಚಲು ಕನಸಿನಲ್ಲಿ ಬಂದರೆ ಮೊಳಕಾಲುಗಳು ತಾವಾಗಿಯೇ ಒತ್ತಿಕೊಳ್ಳುತ್ತವೆ.

ಪ್ಯಾರಮಟ್ಟಾದ ವೈದ್ಯರು ಹೃದಯತಜ್ಞರಲ್ಲಿಗೆ ಕಳುಹಿಸಿದರು. ಆ ಕಾಯುವ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಕಿತ್ತಳೆ ಬಣ್ಣದ ಮೀನುಗಳು ತಿರುಗುತ್ತಿದ್ದವು. ಮೇಜಿನ ಹಿಂದಿದ್ದ ಹುಡುಗಿ ಬಹಳ ಸೌಜನ್ಯದಿಂದ, ಸರ್ಕಾರವೇ ಚಿಕಿತ್ಸೆಯ ವೆಚ್ಚ ಭರಿಸುವ ಮೆಡಿಕೇರ್ ಕಾರ್ಡು ಇದೆಯೇ ಎಂದು ಕೇಳಿದಳು. ಇಲ್ಲವೆಂದು ವಸುಧೆ ಹೇಳಿದಳು. ಖಾಸಗಿ ವಿಮೆ? ಅದೂ ಇಲ್ಲ. ಹುಡುಗಿ ಲೇಖನಿಯನ್ನು ಒಂದು ಗಳಿಗೆ ಎತ್ತಿಹಿಡಿದಳು. ಆಮೇಲೆ ಏನನ್ನೋ ಬರೆದಳು. ಅವಳ ಕಣ್ಣಿನಲ್ಲಿ ಕನಿಕರವಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸಾಲಾಗಿ ಕುಳಿತಿದ್ದ ಮುದುಕ ಮುದುಕಿಯರೆಲ್ಲ ಯಾವುದೋ ಸೂರಿನ ಕೆಳಗಿರುವವರಂತೆಯೂ, ನಾನೊಬ್ಬಳೇ ಬಯಲಿನಲ್ಲಿ ನಿಂತವಳಂತೆಯೂ ಕಂಡಿತು. ಸೆರಗಿನೊಳಗೆ ಜಪಸರ ತಿರುಗಿಸಿದೆ. ನಾಮ ಬಾಯಿಗೆ ಬಂತು, ಮನಸ್ಸಿಗೆ ಬರಲಿಲ್ಲ. ಆತ್ಮಕ್ಕೆ ಸಾವಿಲ್ಲವೆಂದು ವರ್ಷಗಟ್ಟಲೆ ಹುಡುಗಿಯರಿಗೆ ಪಾಠ ಹೇಳಿದವಳಿಗೆ, ಮೀನುಗಳನ್ನು ನೋಡುತ್ತ ಕುಳಿತಾಗ, ಒಂದು ಶ್ಲೋಕವೂ ಆಸರೆಯಾಗಲಿಲ್ಲ. ನನ್ನಂತೆ ಓದಿಕೊಂಡವರು ಯಾರಾದರೂ ಇದೇ ಸ್ಥಿತಿಯಲ್ಲಿ ನಾಚಿಕೆಪಡುತ್ತಿದ್ದರೆ ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಭಯಕ್ಕೆ ವಿದ್ಯೆಯ ದಾಕ್ಷಿಣ್ಯವಿಲ್ಲ.

ಪರೀಕ್ಷೆಗಳಾದವು. ತಜ್ಞರು ಕಾಗದದ ಮೇಲೆ ಹೃದಯದ ಚಿತ್ರ ಬರೆದು, ಮೂರು ಕಡೆ ಗೀಟು ಹಾಕಿದರು. ಬಹಳ ಹೊತ್ತು ಮಾತನಾಡಿದರು. ವಸುಧೆ ಅದನ್ನು ನನಗೆ ಕನ್ನಡದಲ್ಲಿ ಎರಡೇ ವಾಕ್ಯಗಳಲ್ಲಿ ಹೇಳಿದಳು. "ಸ್ವಲ್ಪ ಅಡ್ಡ ಕಟ್ಟಿಕೊಂಡಿದೆಯಂತೆ ಅಮ್ಮ. ಸರಿ ಮಾಡ್ತಾರಂತೆ." ಅನುವಾದದಲ್ಲಿ ಬಿಟ್ಟುಹೋದುದನ್ನು ಹುಡುಕುವುದೇ ನನ್ನ ಕಸುಬಾಗಿತ್ತು, ನನಗೆ ಇಂಗ್ಲಿಷೂ ತಕ್ಕಮಟ್ಟಿಗೆ ಬರುತ್ತದೆ. ಅವಳು ಬಿಟ್ಟ ಮಾತುಗಳಿವು: ಎದೆಯನ್ನು ತೆರೆಯಬೇಕು. ಬಹಳ ಕಾಲ ಕಾಯುವಂತಿಲ್ಲ. ವಿಮಾನ ಹತ್ತುವಂತಿಲ್ಲ. ಮೈಸೂರಿಗೆ ಹೋಗಿ ಮಾಡಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ತಜ್ಞರು ಉಪಕಾರವೊಂದನ್ನು ಮಾಡಿದರು. ಮೆಲ್ಬರ್ನಿನಲ್ಲಿದ್ದ ತಮ್ಮ ಸ್ನೇಹಿತರಾದ ಶಸ್ತ್ರವೈದ್ಯರೊಡನೆ ಮಾತನಾಡಿ, ಅವರು ತಮ್ಮ ಶುಲ್ಕವನ್ನು ಬಿಡುವಂತೆ ಒಪ್ಪಿಸಿದರು. ಆದರೂ ಆಸ್ಪತ್ರೆಯ ವೆಚ್ಚ ಉಳಿಯುತ್ತಿತ್ತು. ಅದು ನನ್ನ ಊಹೆಗೆ ಮೀರಿದ್ದು.

ಮೈಸೂರಿನಲ್ಲಿದ್ದ ನನ್ನ ತಮ್ಮನಿಗೆ ಫೋನು ಮಾಡಿದೆವು. ನನ್ನ ಠೇವಣಿಯನ್ನೆಲ್ಲ ಮುರಿದು ಕಳುಹಿಸು ಎಂದೆ. ಎರಡು ದಿನ ಓಡಾಡಿ ಅವನು ತಿರುಗಿ ಮಾತನಾಡಿದ. "ಅಕ್ಕಾ, ದುಡ್ಡು ದೇಶದಿಂದ ಹೊರಗೆ ಕಳ್ಸೋಕೆ ಪರ್ಮಿಷನ್ ಬೇಕಂತೆ. ಆ ಕಾಗ್ದ, ಈ ಕಾಗ್ದ. ತಿಂಗಳುಗಟ್ಟಲೆ ಆಗತ್ತಂತೆ. ಸಿಕ್ರೂ ರೂಪಾಯಿ ಡಾಲರ್ ಆಗೋ ಹೊತ್ಗೆ ಏನುಳಿಯತ್ತೆ ಹೇಳು" ಎಂದು ಅತ್ತುಬಿಟ್ಟ. ಜೀವಮಾನವಿಡೀ ನಾನು ಕೂಡಿಟ್ಟ ಭದ್ರತೆ ಸಮುದ್ರದ ಆ ದಡದಲ್ಲೇ ನಿಂತುಬಿಟ್ಟಿತು.

ಮುಂದಿನ ಭಾನುವಾರ ರಂಗನಾಥರು ಬಂದಾಗ ಊಟದ ಮೇಜಿನ ಸುತ್ತ ಮಾತಾಯಿತು. ನಾನು ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದೆ. ಮನೆಯ ಮೇಲೆ ಇನ್ನಷ್ಟು ಸಾಲ ಕೊಡಲು ಬ್ಯಾಂಕಿನವರು ಒಪ್ಪಿರಲಿಲ್ಲ. ವಸುಧೆಗೆ ಆಗ ಕೆಲಸವಿರಲಿಲ್ಲ.

"ಸೂಪರ್ ಇದೆಯಲ್ಲ" ಎಂದರು ಅಳಿಯಂದಿರು.

ಈ ದೇಶದಲ್ಲಿ ಸಂಬಳದ ಒಂದು ಪಾಲನ್ನು ಮುಪ್ಪಿಗೆಂದು ತೆಗೆದಿಡುತ್ತಾರೆ. ಎಲ್ಲರೂ ಅದನ್ನು ಸೂಪರ್ ಎನ್ನುತ್ತಾರೆ. ವಯಸ್ಸಾಗುವವರೆಗೆ ಮುಟ್ಟುವಂತಿಲ್ಲ. ಆದರೆ ಅಂದಿನ ನಿಯಮದಂತೆ, ಅಳಿಯಂದಿರು ಕೆಲಸಕ್ಕೆ ಸೇರಿದಂದಿನಿಂದ ತಮ್ಮ ಕೈಯಿಂದಲೇ ಹೆಚ್ಚುವರಿಯಾಗಿ ಕಟ್ಟುತ್ತ ಬಂದಿದ್ದ ಭಾಗ, ಆ ಕೆಲಸವನ್ನು ಬಿಟ್ಟರೆ ಕೈಗೆ ಬರುತ್ತಿತ್ತು. ಬಿಟ್ಟರೆ ಮಾತ್ರ.

"ಹುಚ್ಚಾ ನಿಂಗೆ?" ಎಂದರು ರಂಗನಾಥರು. "ಸರ್ಕಾರಿ ಕೆಲ್ಸ ಕಣಯ್ಯ ಅದು. ಜನ ಕೆಲ್ಸ ಇಲ್ದೆ ಬೀದೀಲಿದಾರೆ, ನೀನು ರಿಸೈನ್ ಮಾಡ್ತೀಯಾ?"

"ಮೆಲ್ಬರ್ನ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಸಿಗೋ ಹಾಗಿದೆ. ಒಂದು ವರ್ಷದ್ದು."

"ವರ್ಷ ಆದ್ಮೇಲೆ?"

ಅಳಿಯಂದಿರು ಮುಂದಿದ್ದ ತಟ್ಟೆಯನ್ನು ಬದಿಗೆ ಸರಿಸಿದರು. ರಂಗನಾಥರು ದನಿ ತಗ್ಗಿಸಿದರು. "ನೋಡು, ಕೆಟ್ಟದಾಗಿ ತಿಳ್ಕೋಬೇಡ. ಏನಾದ್ರೂ ಆಗಿ ಎಮರ್ಜೆನ್ಸಿ ಅಂತ ಹೋದ್ರೆ ಸರ್ಕಾರಿ ಆಸ್ಪತ್ರೇಲಿ ಬಾಗಿಲು ಹಾಕಲ್ಲ. ಬಿಲ್ ಆಮೇಲೆ ಕಂತಲ್ಲಿ ಕಟ್ಟಬಹುದು."

"ಅಂದ್ರೆ ಹಾರ್ಟ್ ಅಟ್ಯಾಕ್ ಆಗ್ಲಿ ಅಂತ ಕಾಯ್ಬೇಕಾ ಅಂಕಲ್?" ಎಂದಳು ವಸುಧೆ. ರಂಗನಾಥರ ಮುಖ ಚಿಕ್ಕದಾಯಿತು. ಅವರದು ಕಲ್ಲೆದೆಯಲ್ಲ. ಇದ್ದ ದಾರಿಗಳನ್ನು ಎಣಿಸಿ ತೋರಿಸುವುದು ಅವರ ಧರ್ಮ, ಅದನ್ನು ಮಾಡಿದರು.

ನಾನು ಒಲೆಗೆ ಹೇಳಿದೆ: "ವಸುಧಾ, ಅವರಿಗೆ ಹೇಳು. ಕನ್ಯಾದಾನ ಮಾಡಿಕೊಟ್ಟ ಮನೆಯಿಂದ ತಾಯಿಯಾದವಳು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅವರ ಮುಪ್ಪಿನ ಗಂಟನ್ನು ನಾನು ಮುಟ್ಟುವುದಿಲ್ಲ."

"ವಸು, ಅದು ಆಮೇಲೆ ನೋಡೋಣ ಅಂತ ಹೇಳು" ಎಂದರು ಅಳಿಯಂದಿರು.

ಅಂದು ವಸುಧೆ ಎಕ್ಸ್‌ಚೇಂಜಿನ ಹಾಸ್ಯ ಮಾಡಲಿಲ್ಲ. ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಏರ್ಪಾಡು ಹೀಗಾಯಿತು. ಅಳಿಯಂದಿರು ರಜೆ ಹಾಕಿ ನನ್ನನ್ನು ಮೆಲ್ಬರ್ನಿಗೆ ಕರೆದೊಯ್ಯುವುದು. ಶಸ್ತ್ರವೈದ್ಯರು ನೋಡಿ ದಿನ ಗೊತ್ತು ಮಾಡಿದರೆ, ಅಲ್ಲಿಂದಲೇ ಇಲಾಖೆಗೆ ರಾಜೀನಾಮೆ ತಿಳಿಸುವುದು. ನಾನು ಒಪ್ಪಿದಂತೆ ನಟಿಸಿದೆ. ನನ್ನ ನಿಶ್ಚಯ ಬೇರೆಯಿತ್ತು. ಮಗಳ ಎದುರಿಗೆ ಬೇಡವೆಂದರೆ ಅವಳು ಅಳುತ್ತಾಳೆ. ವೈದ್ಯರ ಎದುರಿಗೆ, ಇಂಗ್ಲಿಷಿನಲ್ಲಿ, ಚಿಕಿತ್ಸೆ ನನಗೆ ಬೇಡವೆಂದು ಸ್ಪಷ್ಟವಾಗಿ ಹೇಳಿಬಿಟ್ಟರೆ ಯಾರೂ ಬಲವಂತ ಮಾಡುವಂತಿಲ್ಲ. ರಾಜೀನಾಮೆಯೂ ನಿಲ್ಲುತ್ತದೆ.

ಹೊರಡುವ ಹಿಂದಿನ ದಿನ ಕೂಸಿಗೆ ಜ್ವರ ಬಂತು. ವಸುಧೆ ಉಳಿಯಬೇಕಾಯಿತು. ಬೆಳಗಿನ ರೈಲಿನಲ್ಲಿ ನಾನೂ ಅಳಿಯಂದಿರೂ ಅಕ್ಕಪಕ್ಕದ ಆಸನಗಳಲ್ಲಿ ಕುಳಿತೆವು. ಸಂಜೆಯವರೆಗಿನ ಪ್ರಯಾಣ, ನಡುವೆ ಮಾತು ದಾಟಿಸುವವರಿಲ್ಲ.

ಮೊದಲು ಕಿಟಕಿಯನ್ನು ನೋಡಿದೆ. ಬಹಳ ಹೊತ್ತಾದ ಮೇಲೆ ಬಾಯಾರಿತು. "ನೀರು ಎಲ್ಲಿಟ್ಟಿದಾಳೋ ಏನೋ" ಎಂದು ಕಿಟಕಿಗೆ ಹೇಳಿದೆ.

"ನೀರು ಇಲ್ಲಿದೆ" ಎಂದು ಅವರು ಚೀಲಕ್ಕೆ ಹೇಳಿ, ಶೀಸೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. ವಸುಧೆ ಕಟ್ಟಿಕೊಟ್ಟಿದ್ದ ಮೊಸರನ್ನವನ್ನೂ ಹೀಗೆಯೇ ಯಾರಿಗೂ ಹೇಳದಂತೆ ಹೇಳಿ ಉಂಡೆವು. ಆಚೆ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನೇ ಗಮನಿಸುತ್ತಿದ್ದರು. ಕೊನೆಗೆ ತಡೆಯಲಾರದೆ, ನೀವಿಬ್ಬರೂ ಜಗಳವಾಡಿದ್ದೀರಾ ಎಂದು ಅಳಿಯಂದಿರನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಇದು ಗೌರವ ಎಂದು ಅಳಿಯಂದಿರು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಆಕೆಗೆ ಇನ್ನಷ್ಟು ಗಾಬರಿಯಾದಂತೆ ಕಂಡಿತು.

ಗೌಲ್ಬರ್ನ್ ಎಂಬ ಊರು ದಾಟಿದ ಮೇಲೆ ಅಳಿಯಂದಿರು ನಿದ್ದೆ ಹೋದರು. ಹಲವು ದಿನಗಳಿಂದ ಅವರು ಸರಿಯಾಗಿ ಮಲಗಿರಲಿಲ್ಲ. ಹೊರಗೆ ಒಣಹುಲ್ಲಿನ ಗುಡ್ಡಗಳು, ಕುರಿಗಳು, ಮತ್ತೆ ಗುಡ್ಡಗಳು. ಆಗ ಒರಳುಕಲ್ಲು ಇಳಿಯಿತು. ಈ ಸಲ ದವಡೆಯವರೆಗೆ ನೋವು. ನಾಲಗೆಯಡಿ ಇಡಬೇಕಾದ ಮಾತ್ರೆ ಚೀಲದಲ್ಲಿತ್ತು, ಚೀಲ ಅವರ ಕಾಲ ಆಚೆಗಿತ್ತು.

"ಎದೆ ಯಾಕೋ..." ಎಂದು ಕಿಟಕಿಗೆ ಹೇಳಿದೆ.

ಅವರು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಗಾಳಿಗೆ ಆಡಿದ ಮಾತು ನಿದ್ದೆಯಲ್ಲಿರುವವರನ್ನು ಎಬ್ಬಿಸುವುದಿಲ್ಲ. ಬೆವರು ಕತ್ತಿನಿಂದ ಇಳಿಯಿತು. ಸಾಯಲು ಸಿದ್ಧಳಾಗಿ ಹೊರಟವಳೇ ನಾನು. ವೈದ್ಯರ ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕೆಂದಿದ್ದವಳು. ಆ ಕ್ಷಣದಲ್ಲಿ ನನ್ನ ದೇಹದ ಕಣಕಣವೂ ಬೇಡವೆಂದು ಕಿರುಚಿತು. ಅಷ್ಟು ಭಯವನ್ನು ನಾನು ಹಿಂದೆ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ಅವರ ತೋಳನ್ನು ಹಿಡಿದು ಅಲುಗಿಸಿದೆ.

"ಪ್ರಕಾಶ! ಪ್ರಕಾಶ, ಎದೆ!"

ಅವರು ಎದ್ದ ರಭಸಕ್ಕೆ ಚೀಲ ಮಗುಚಿತು. ಅವಸರದಲ್ಲಿ ಡಬ್ಬಿ ತೆರೆಯುವಾಗ ಮಾತ್ರೆಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಒಂದನ್ನು ನನ್ನ ನಾಲಗೆಯಡಿ ಇಟ್ಟು, ನನ್ನ ಕೈಯನ್ನು ಬಿಡದೆ ಹಿಡಿದುಕೊಂಡರು. ಆಚೆ ಸಾಲಿನ ವೃದ್ಧೆ ಮೊಳಕಾಲೂರಿ ನೆಲದ ಮಾತ್ರೆಗಳನ್ನು ಹೆಕ್ಕತೊಡಗಿದರು.

"ಅತ್ತೆ, ಇನ್ನೊಂದು ಕೊಡ್ಲಾ? ಗಾರ್ಡ್‌ನ ಕರೀಲಾ?"

"ಬೇಡ. ಇಳೀತಿದೆ."

ಒಮ್ಮೆ ದಾಟಿದ ಗೆರೆಯನ್ನು ಮತ್ತೆ ಎಳೆಯುವುದರಲ್ಲಿ ಅರ್ಥವಿರಲಿಲ್ಲ. ನಾನೇ ಮೊದಲು ಮಾತನಾಡಿದೆ.

"ನಿಮಗೊಂದು ಹೇಳಬೇಕು. ನಾಳೆ ಡಾಕ್ಟರ ಮುಂದೆ ನಾನು ಆಪರೇಷನ್ ಬೇಡ ಅಂತ ಹೇಳಕ್ಕೇ ಬರ್ತಿರೋದು."

"ಗೊತ್ತು."

"ಹೇಗೆ ಗೊತ್ತು?"

"ನೀವು ಬಾತ್‌ರೂಮಲ್ಲಿ ಇಂಗ್ಲಿಷ್ ಪ್ರಾಕ್ಟೀಸ್ ಮಾಡೋದು ಹಾಲ್‌ವರೆಗೂ ಕೇಳ್ಸುತ್ತೆ ಅತ್ತೆ."

ನಗು ಬಂತು. ನಕ್ಕರೆ ಎದೆ ನೋಯುತ್ತದೆಂದು ಹೆದರಿ ತಡೆದುಕೊಂಡೆ. "ಹಾಗಾದರೆ ಯಾಕೆ ಕರ್ಕೊಂಡು ಹೊರಟಿರಿ? ಹೆಣ್ಣು ಕೊಟ್ಟ ಮನೇನ ಬರಿದು ಮಾಡಿ ನಾನು ಉಳಿದರೆ ನನಗದು ದಕ್ಕುತ್ತದೆಯೇ?"

ಅವರು ನನ್ನ ಕಡೆಗೆ ತಿರುಗಿದರು. "ದುಡ್ಡಿಗೆ ನಾನು ಹೆದ್ರಿಲ್ಲ ಅಂತ ಸುಳ್ಳು ಹೇಳಲ್ಲ. ತುಂಬಾ ಭಯ ಆಗ್ತಿದೆ. ಕಾಂಟ್ರ್ಯಾಕ್ಟ್ ಮುಗಿದ್ಮೇಲೆ ಏನು ಅಂತ ನಂಗೂ ಗೊತ್ತಿಲ್ಲ. ಆದ್ರೆ ನೀವು ಬೇಡ ಅಂದು, ಇನ್ನೊಂದು ತಿಂಗಳಿಗೆ ನಮ್ಮನೇಲೇ ಬಿದ್ರಿ ಅಂತಿಟ್ಕೊಳ್ಳಿ. ಆ ಸೂಪರ್ ದುಡ್ಡು ಹಾಗೇ ಇರುತ್ತೆ, ಬೆಳೆಯುತ್ತೆ. ಅದನ್ನ ಅರವತ್ತನೇ ವಯಸ್ಸಲ್ಲಿ ನಾನೂ ವಸೂನೂ ಹೇಗೆ ತಿನ್ನೋದು ಅತ್ತೆ? ಅದು ಅನ್ನ ಆಗುತ್ತಾ?"

ನನ್ನ ತಂದೆಯ ಮನೆಯಲ್ಲಿ ದೊಡ್ಡ ದೊಡ್ಡ ವಾದಗಳನ್ನು ಕೇಳಿ ಬೆಳೆದವಳು ನಾನು. ಯಾರ ಮನೆಯ ಅನ್ನ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದಕ್ಕೆ ನನ್ನಲ್ಲಿ ವಚನಗಳಿದ್ದವು. ಆ ಪ್ರಶ್ನೆಗೆ ಒಂದೂ ಉತ್ತರವಾಗಲಿಲ್ಲ. ಆಲ್ಬರಿ ನಿಲ್ದಾಣದವರೆಗೆ ಯೋಚಿಸಿದೆ. ಭಯವೂ ಹೋಗಲಿಲ್ಲ.

ಮರುದಿನ ಶಸ್ತ್ರವೈದ್ಯರ ಕೋಣೆಗೆ ಕರೆದಾಗ ಅಳಿಯಂದಿರು ಬಾಗಿಲಲ್ಲೇ ನಿಂತರು. "ನಾನು ಹೊರಗಿರ್ತೀನಿ ಅತ್ತೆ. ನಿಮಗೆ ಸರಿ ಅನ್ಸಿದ್ದು ಹೇಳಿ. ಏನಂದ್ರೂ ನಾನು ಬೇಜಾರು ಮಾಡ್ಕೊಳಲ್ಲ."

ವೈದ್ಯರು ಉದ್ದನೆಯ ಮನುಷ್ಯ, ಕೈಗಳು ಮಾತ್ರ ಹೆಂಗಸಿನ ಕೈಗಳಂತೆ ಸಣ್ಣವು. ಅಪಾಯಗಳನ್ನೆಲ್ಲ ಬಿಡಿಸಿ ಹೇಳಿದರು. ಈ ಬಾರಿ ಅನುವಾದಿಸಿ ಬಿಟ್ಟುಬಿಡುವವರು ಯಾರೂ ಇರಲಿಲ್ಲ. ನಿಮ್ಮ ಇಚ್ಛೆಯೇನು ಎಂದು ಕೇಳಿದರು. ಕಲಿತಿಟ್ಟಿದ್ದ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, ಮಾಡಿ ಎಂದೆ. ಆ ಒಂದು ಮಾತಿಗೆ ನನ್ನ ಹಲ್ಲುಗಳು ಕಟಕಟ ಬಡಿದುಕೊಂಡವು. ಅವರು ಎದ್ದು ಬಂದು ತಮ್ಮ ಕೋಟನ್ನು ನನ್ನ ಭುಜದ ಮೇಲೆ ಹೊದಿಸಿದರು.

ಹೊರಗೆ ಬಂದು, "ಆಗಲಿ ಅಂದೆ" ಎಂದು ಅಳಿಯಂದಿರಿಗೆ ನೇರವಾಗಿ ಹೇಳಿದೆ. ಅವರು ತಲೆಯಾಡಿಸಿ, ಪಡಸಾಲೆಯ ಕೊನೆಯಲ್ಲಿದ್ದ ಫೋನಿನ ಗೂಡಿಗೆ ಹೋದರು. ಮೊದಲು ವಸುಧೆಗೆ, ಆಮೇಲೆ ಇಲಾಖೆಗೆ. ಎರಡನೆಯ ಕರೆಯಲ್ಲಿ ಅವರು ನನಗೆ ಬೆನ್ನು ಮಾಡಿ ನಿಂತರು. ಮನುಷ್ಯನೊಬ್ಬ ತನ್ನ ಮುಪ್ಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ನಾನು ಗಾಜಿನ ಆಚೆಯಿಂದ ನೋಡಿದೆ. ಕತ್ತಿಯ ಭಯಕ್ಕಿಂತ ಅದು ದೊಡ್ಡದಾಗಿತ್ತು.

ಶಸ್ತ್ರಚಿಕಿತ್ಸೆಯ ಬೆಳಗನ್ನು ಹೆಚ್ಚು ಬರೆಯುವುದಿಲ್ಲ. ಆಭರಣ ಬಿಚ್ಚಬೇಕೆಂದು ದಾದಿ ಹೇಳಿದಾಗ ನನ್ನ ಮೈಮೇಲೆ ಇದ್ದುದು ತುಳಸಿಯ ಜಪಸರ ಒಂದೇ. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದದ್ದನ್ನು ಆಕೆ ನೋಡಿದಳು. ಒಳಗೆ ಹೋಗಿ ಕೇಳಿಬಂದು, ಸರವನ್ನು ಸಣ್ಣದೊಂದು ಚೀಲದಲ್ಲಿಟ್ಟು ನನ್ನ ಕಾಲಿನ ಹತ್ತಿರ ಹಾಸಿಗೆಗೆ ಅಂಟಿಸಿದಳು. ಅವಳ ಹೆಸರು ನನಗೆ ತಿಳಿಯಲಿಲ್ಲ. ಎಚ್ಚರವಾದಾಗ ಗಂಟಲಲ್ಲಿ ಕೊಳವೆ, ಮಾತಿಲ್ಲ. ಪಕ್ಕದಲ್ಲಿ ಅಳಿಯಂದಿರು. "ಅತ್ತೆ, ಆಯ್ತು. ಮುಗೀತು" ಎಂದರು. ರೈಲು ಹತ್ತುವವರೆಗೆ ನನ್ನನ್ನು ನೇರವಾಗಿ ಕರೆಯದಿದ್ದ ದನಿ. ಆಮೇಲೆ ಅವರು ಹೊರಗೆ ಹೋಗಿ ಅತ್ತರೆಂದು ದಾದಿ ಹೇಳಿದಳು. ಮಗುವಿನ ಜ್ವರ ಬಿಟ್ಟ ಮೇಲೆ ವಸುಧೆ ಬಂದಳು. ನಾನೂ ಅಳಿಯಂದಿರೂ ಎದುರೆದುರಾಗಿ ಮಾತನಾಡುವುದನ್ನು ನೋಡಿ, "ಅಂತೂ ನನ್ನ ಕೆಲ್ಸಾನೂ ಹೋಯ್ತು!" ಎಂದಳು. ಹೊಲಿಗೆ ಬಿಚ್ಚುವ ಭಯದಿಂದ ದಿಂಬನ್ನು ಎದೆಗೊತ್ತಿಕೊಂಡು ನಕ್ಕೆ.

ಇಲ್ಲಿಗೆ ಭಯ ಮುಗಿಯಿತೆಂದು ಬರೆದರೆ ಅದು ಸುಳ್ಳು. ಗಿರಾವೀನಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಕಾಂಟ್ರ್ಯಾಕ್ಟ್ ಕೆಲಸಕ್ಕಾಗಿ ಮೆಲ್ಬರ್ನಿನ ಪಶ್ಚಿಮದಲ್ಲಿ ಬಾಡಿಗೆ ಮನೆ ಹಿಡಿದೆವು. ವರ್ಷ ಕಳೆದು ಕಾಂಟ್ರ್ಯಾಕ್ಟು ಮುಗಿಯಿತು, ಇನ್ನೊಂದು ಸಿಗಲಿಲ್ಲ. ಹಲವು ತಿಂಗಳು ಅಳಿಯಂದಿರು ಬೆಳಗ್ಗೆ ಶೇವ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನಿನ ಪಕ್ಕದಲ್ಲಿ ಕುಳಿತರು. ಅದು ಬಡಿದಾಗಲೆಲ್ಲ ನನ್ನ ಹೊಸ ರಕ್ತನಾಳಗಳಲ್ಲಿ ಹಳೆಯ ಭಯವೇ ಹರಿಯಿತು. ನಾನು ಉಳಿದೆ, ಆದರೆ ಏನನ್ನು ಉಂಡು ಉಳಿದೆ? ಕೊನೆಗೆ ಕೆಲಸ ಸಿಕ್ಕಿತು, ಮೊದಲಿನದಕ್ಕಿಂತ ಚಿಕ್ಕದು. ಸೂಪರ್ ಖಾತೆ ಮತ್ತೆ ತೊಟ್ಟಿಕ್ಕತೊಡಗಿತು. ಕೆಲವು ವರ್ಷಗಳಲ್ಲಿ ನನಗೂ ಇಲ್ಲಿ ನೆಲೆಸುವ ಅನುಮತಿ ದೊರೆತು, ಮೆಡಿಕೇರ್ ಕಾರ್ಡು ಕೈಗೆ ಬಂದ ದಿನ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದೆ.

ಮೈಸೂರಿನ ಠೇವಣಿಯನ್ನೆಲ್ಲ ಅಳಿಯಂದಿರ ಹೆಸರಿಗೆ ಬರೆಸಿದೆ. "ಆಯ್ತು ಬಿಡಿ ಅತ್ತೆ, ಮುಪ್ಪಲ್ಲಿ ಮೈಸೂರಿಗೆ ಹೋದಾಗ ಮಸಾಲೆದೋಸೆಗೆ ತೊಂದ್ರೆ ಇಲ್ಲ" ಎಂದರು. ಅವರ ಜೊತೆಯವರು ಐವತ್ತೈದಕ್ಕೆ ನಿವೃತ್ತರಾಗುವ ಮಾತಾಡುವಾಗ ಅವರು ಎದ್ದು ಹೋಗಿ ಹುಲ್ಲು ಕತ್ತರಿಸುತ್ತಾರೆ. ನಾನು ಕಿಟಕಿಯಿಂದ ನೋಡುತ್ತೇನೆ.

ಈಗ ನಮ್ಮ ಕನ್ನಡಿಗರು ತಂದೆತಾಯಿಯರನ್ನು ಕರೆಸಿಕೊಳ್ಳುವ ಮೊದಲು ಪ್ರಯಾಣಕ್ಕೆ ಒಳ್ಳೆಯ ದಿನ ಕೇಳಲು ನನ್ನಲ್ಲಿಗೆ ಬರುತ್ತಾರೆ. ಪಂಚಾಂಗ ತೆರೆಯುವ ಮೊದಲು ಕೇಳುತ್ತೇನೆ: ವಿಮೆ ಎಷ್ಟು ದಿನಕ್ಕೆ ಇದೆ? ಉಳಿಯುವುದು ಎಷ್ಟು ದಿನ? ಎರಡೂ ಕೂಡಿಬರುವವರೆಗೆ ನಾನು ಮುಹೂರ್ತ ಕೊಡುವುದಿಲ್ಲ. "ಬಿಡ್ತು ಅನ್ನಿ ಆಂಟಿ" ಎನ್ನುತ್ತಾರೆ ಕೆಲವರು. ಬಿಡ್ತು ಎನ್ನುತ್ತೇನೆ, ಮತ್ತೆ ಅದನ್ನೇ ಕೇಳುತ್ತೇನೆ.

ಹೆಸರು ತಿಳಿಯದ ಆ ದಾದಿಗೆ ದೇವರು ಒಳ್ಳೆಯದು ಮಾಡಲಿ. ನನ್ನ ಎದೆಯೊಳಗೆ ಕೈಯಿಟ್ಟ ವೈದ್ಯರ ಸಣ್ಣ ಕೈಗಳು ನಡುಗದಿರಲಿ. ರೈಲಿನ ನೆಲದಿಂದ ಮಾತ್ರೆ ಹೆಕ್ಕಿದ ತಾಯಿಗೆ ಕೊನೆಗಾಲದಲ್ಲಿ ಮೊಳಕಾಲೂರಿ ಸೇವೆ ಮಾಡುವವರಿರಲಿ. ಕಹಿಯಾದುದನ್ನು ಸ್ನೇಹದಿಂದ ಹೇಳಿದ ರಂಗನಾಥರ ಮನೆಯಲ್ಲಿ ಸುಖವಿರಲಿ. ನನಗಾಗಿ ಅತ್ತ ನನ್ನ ತಮ್ಮನ ಕಣ್ಣು ತಂಪಾಗಿರಲಿ. ವಸುಧೆಯೂ ಅವಳ ಕೂಸೂ ದೀರ್ಘಾಯುಗಳಾಗಲಿ. ಇದನ್ನು ಓದುತ್ತ ಯಾವುದಾದರೂ ಕಾಯುವ ಕೋಣೆಯಲ್ಲಿ ಕುಳಿತಿರುವ ನಿಮಗೆ, ತೋಳು ಹಿಡಿದು ಎಬ್ಬಿಸಬಹುದಾದ ಒಬ್ಬರು ಪಕ್ಕದಲ್ಲಿರಲಿ. ಹೆದರಿದ್ದಕ್ಕೆ ನಾಚಿಕೆಪಡಬೇಡಿ.

ಇನ್ನು ಪ್ರಕಾಶ. ಅವರ ಮುಪ್ಪು ನಿಧಾನವಾಗಿ ಬರಲಿ. ಗಂಟು ಕಟ್ಟಿಕೊಳ್ಳಲು ಅವರಿಗೆ ಕಾಲ ಸಿಗಲಿ.